ಮೇಳಕ್ಕೆ ಒಯ್ಯುವ ಮೊದಲು

ಕೊನೆಕೊಯ್ಲು ಶುರುವಾಯಿತೆಂದರೆ ನಮ್ಮ ಸಾಗರದ ಕಡೆ ಹೆಂಗಸರು ನಡುರಾತ್ರಿವರೆಗೂ ಮೆಟ್ಟುಕತ್ತಿಯ ಮುಂದೆ ಕೂರುತ್ತಾರೆ. ಅಮ್ಮನ ಹೆಬ್ಬೆರಳಿನ ಗಾಯ ನೋಡಿಯೇ ನಾನು ಹಸಿ ಅಡಿಕೆ ಸುಲಿಯುವ ಯಂತ್ರಕ್ಕೆ ಕೈಹಾಕಿದ್ದು. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ್ದೆ, ಅಣ್ಣನ ವೆಲ್ಡಿಂಗ್ ಶೆಡ್ ಇತ್ತು. ಎರಡು ಕೊಯ್ಲು ಕಳೆಯುವಷ್ಟರಲ್ಲಿ ಯಂತ್ರ ಕೈಗೆ ಬಂತು. ಆ ಸಂತೋಷದಲ್ಲಿ ಅದನ್ನು ಕೃಷಿ ಮೇಳಕ್ಕೆ ಒಯ್ದು ಜನರ ಮುಂದೆ ಓಡಿಸಿದೆ. ಕೇಳಿದವರಿಗೆಲ್ಲ ಮುಚ್ಚಳ ಬಿಚ್ಚಿ ಬ್ಲೇಡು ಹೇಗೆ ಕೂತಿದೆ ಎಂದು ತೋರಿಸಿದೆ. ಎರಡು ಯಂತ್ರ ಮಾರಿಯೂ ಬಂದೆ.

ನಾಲ್ಕು ತಿಂಗಳ ಮೇಲೆ ಬೆಂಗಳೂರಿನಲ್ಲಿ ಪೇಟೆಂಟ್ ಏಜೆಂಟರೊಬ್ಬರ ಎದುರು ಕೂತಾಗ ಅವರು ನಕ್ಷೆ ಬಿಡಿಸುವ ಮೊದಲೇ ಕೇಳಿದರು: "ಇದನ್ನು ಹೊರಗೆ ಎಲ್ಲಾದರೂ ತೋರಿಸಿದ್ದೀರಾ ಮೇಡಂ?"

ಹೇಳಿದೆ. ನಮ್ಮ ದೇಶದ 1970ರ ಕಾಯ್ದೆಯಲ್ಲಿ ಪ್ರದರ್ಶನಕ್ಕೆ 12 ತಿಂಗಳ ವಿನಾಯಿತಿ ಇದೆ, ಆದರೆ ಕೇಂದ್ರ ಸರ್ಕಾರ ಗೆಜೆಟ್ಟಿನಲ್ಲಿ ಸೂಚಿಸಿದ ಪ್ರದರ್ಶನಗಳಿಗೆ ಮಾತ್ರ. ನಾನು ಹೋದದ್ದು ಅಂಥದ್ದಲ್ಲ. ಮೇಲಾಗಿ ಮಾರಿಯೂ ಆಗಿತ್ತು. ನನ್ನದೇ ಯಂತ್ರ ಕಾನೂನಿನ ಕಣ್ಣಿಗೆ ಹೊಸದಾಗಿ ಉಳಿದಿರಲಿಲ್ಲ. ಆ ದಿನ ಊರಿನ ಬಸ್ಸಿನಲ್ಲಿ ಅತ್ತಿದ್ದೇನೆ.

ಉಳಿದದ್ದು ಒಂದು ತುಣುಕು. ಮೇಳದ ನಂತರ, ದಪ್ಪ ಸಣ್ಣ ಅಡಿಕೆ ಬೆರೆತಾಗ ಒಡೆಯದಿರಲಿ ಎಂದು ಬ್ಲೇಡಿನ ಹಿಂದೆ ಸ್ಪ್ರಿಂಗ್ ಕೂರಿಸಿದ್ದೆ. ಅದನ್ನು ಶೆಡ್ಡಿನ ಹೊರಗೆ ಯಾರೂ ನೋಡಿರಲಿಲ್ಲ. ಅದಕ್ಕೇ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿದೆವು. ಒಬ್ಬ ವ್ಯಕ್ತಿ ಆನ್‌ಲೈನಿನಲ್ಲಿ ಹಾಕಿದರೆ ಸರ್ಕಾರಿ ಶುಲ್ಕ 1,600 ರೂಪಾಯಿ, ಪೂರ್ಣ ವಿವರಣೆ ಕೊಡಲು 12 ತಿಂಗಳು. ಮೇಳಕ್ಕೆ ಬಾಡಿಗೆ ಲಾರಿಗೆ ಕೊಟ್ಟದ್ದು ಅದಕ್ಕಿಂತ ಹೆಚ್ಚು.

ಬರೆಯುವುದೇ ಕಷ್ಟದ ಕೆಲಸ. ವಿವರಣೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕು. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ, ಅವರು ಬರೆದರು. "ಸ್ಪ್ರಿಂಗ್" ಎಂದಾಗ ತಡೆದರು. "ನಾಳೆ ಪಕ್ಕದೂರಿನವರು ರಬ್ಬರ್ ತುಂಡು ಇಟ್ಟರೆ?" ಕೊನೆಗೆ, ಒತ್ತಿದಾಗ ಹಿಂದೆ ಸರಿದು ಬಿಟ್ಟಾಗ ಮರಳುವ ಯಾವುದೇ ಭಾಗ ಎಂದು ಬರೆದು, ಸ್ಪ್ರಿಂಗ್, ರಬ್ಬರ್ ಎರಡನ್ನೂ ಉದಾಹರಣೆಯಾಗಿ ಸೇರಿಸಿದೆವು. ಮೊದಲ ವಿವರಣೆಯಲ್ಲಿ ಇಲ್ಲದ್ದಕ್ಕೆ ಆ ಮೊದಲ ತಾರೀಖು ಸಿಗುವುದಿಲ್ಲ. ಹಾಗಾಗಿ ಅರ್ಧ ಯೋಚಿಸಿದ ದಾರಿಗಳನ್ನೂ ಅದರಲ್ಲೇ ಬರೆಸಬೇಕು. ಈ ಮಾತನ್ನು ನನಗೆ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ.

ಅರ್ಜಿದಾರಳು ಹೆಂಗಸಾದ್ದರಿಂದ ಪರಿಶೀಲನೆಯನ್ನು ತ್ವರಿತಗೊಳಿಸಲು ಕೇಳುವ ಅವಕಾಶವಿತ್ತು, ಕೇಳಿದೆವು. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ. ಮೊದಲ ಪರಿಶೀಲನಾ ವರದಿ ಓದಿ ಎದೆ ಧಸಕ್ಕೆಂದಿತು: ಇದು ಗೊತ್ತಿರುವ ಭಾಗಗಳ ಬರೀ ಜೋಡಣೆ, ಮೂರನೇ ಸೆಕ್ಷನ್ನಿನ ಪ್ರಕಾರ ಆವಿಷ್ಕಾರವೇ ಅಲ್ಲ! ಅದು ತಿರಸ್ಕಾರವಲ್ಲ, ಉತ್ತರಕ್ಕೆ ಆರು ತಿಂಗಳಿದೆ ಎಂದು ಏಜೆಂಟರು ಸಮಾಧಾನ ಹೇಳಿದರು. ಸ್ಪ್ರಿಂಗ್ ಇಟ್ಟು, ತೆಗೆದು, ಒಂದೇ ರಾಶಿಯ ಅಡಿಕೆ ಸುಲಿದು, ಒಡೆದದ್ದನ್ನು ಎಣಿಸಿ ಕಳಿಸಿದೆವು. ಆ ಎಣಿಕೆ ಮಾಡಿದವಳು ಅಮ್ಮ. ವಿಡಿಯೋ ವಿಚಾರಣೆಯೂ ಮುಗಿದು ಪೇಟೆಂಟ್ ಸಿಕ್ಕಿತು.

ಅರ್ಜಿಯ ದಿನದಿಂದ 20 ವರ್ಷ, ಭಾರತದೊಳಗೆ ಮಾತ್ರ. ಮೂರನೇ ವರ್ಷದಿಂದ ವರ್ಷ ವರ್ಷವೂ ಶುಲ್ಕ ಕಟ್ಟಬೇಕು, ತಪ್ಪಿದರೆ ಹಕ್ಕು ಬಿದ್ದುಹೋಗುತ್ತದೆ. ಕೊಯ್ಲಿನ ಮೊದಲ ಅಡಿಕೆ ಮಾರಿದ ದಿನವೇ ಆ ಹಣ ತೆಗೆದು ಅಮ್ಮನ ಕೈಗೆ ಕೊಟ್ಟಿಡುತ್ತೇನೆ.