ಆನ್‌ಲೈನ್ ಹರಾಜಿನಲ್ಲಿ ಸುಳ್ಳು ಸವಾಲು

ಹಳ್ಳಿಯ ಚಾವಡಿಯ ಮುಂದೆ ಹರಾಜು ಕೂಗುವಾಗ ಸವಾಲು ಹಾಕುವವನ ಮುಖವು ಎಲ್ಲರಿಗೂ ಕಾಣುತ್ತದೆ. ಮಾರುವವನ ಭಾವಮೈದುನನು ಗುಂಪಿನಲ್ಲಿ ನಿಂತು ಬೆಲೆಯನ್ನೇರಿಸಿದರೆ ಊರವರು ಗುರುತಿಸದೆ ಇರಲಾರರು. ಆನ್‌ಲೈನ್ ಹರಾಜಿನಲ್ಲಿ ಈ ಅನುಕೂಲವಿಲ್ಲ. ಹಿಂದೆ ಹಳ್ಳಿಯಾಗಿದ್ದು ಈಗ ಬೆಂಗಳೂರಿನ ಬನಶಂಕರಿ ಬಡಾವಣೆಯೊಡನೆ ಸೇರಿಹೋಗಿರುವ ಕತ್ರಿಗುಪ್ಪೆಯಲ್ಲಿ ಕುಳಿತವನು ಪರಜಿಲ್ಲೆಯ ಟಿಲ್ಲರಿಗೆ ಸವಾಲು ಹಾಕಬಹುದು. ಆದರೆ ಎದುರು ಸವಾಲುದಾರನು ಅವನಿಗೆ ಬರಿಯ ಹೆಸರು ಮಾತ್ರ. ಆ ಹೆಸರಿನ ಮರೆಯಲ್ಲಿ ಮಾರುವವನೇ ಇರಬಹುದು. ಆದಕಾರಣ ಗ್ರಾಮದ ಮುಖಂಡರೂ ಭೂಮಾಲೀಕರೂ ಈ ವಿಷಯವನ್ನು ತಿಳಿದಿರುವುದು ಅವಶ್ಯಕ.

ಮೋಸದ ಕ್ರಮ.— ಅನೇಕ ಆನ್‌ಲೈನ್ ಹರಾಜುಗಳಲ್ಲಿ ಕೊಳ್ಳುವವನು ತನ್ನ ಗರಿಷ್ಠ ಬೆಲೆಯನ್ನು ಮೊದಲೇ ಗುಟ್ಟಾಗಿ ನಮೂದಿಸಿಡಬಹುದು. ಎದುರಿನವನು ಏರಿಸಿದಂತೆಲ್ಲ ಯಂತ್ರವು ಇವನ ಪರವಾಗಿ ಒಂದು ಮೆಟ್ಟಲು ಮೇಲೆ ಕೂಗುತ್ತದೆ. ಉದಾಹರಣೆಗೆ, ಹಳೆಯ ಟಿಲ್ಲರಿಗೆ ತಾವು 70,000 ರೂಪಾಯಿಯ ಮಿತಿಯಿಟ್ಟಿರೆಂದೂ, ನಿಜವಾದ ಪ್ರತಿಸ್ಪರ್ಧಿಯು 52,000ಕ್ಕೆ ನಿಂತನೆಂದೂ, ಮೆಟ್ಟಲು 1,000 ರೂಪಾಯಿಯೆಂದೂ ಇಟ್ಟುಕೊಳ್ಳೋಣ. ಟಿಲ್ಲರು 53,000ಕ್ಕೆ ತಮ್ಮದಾಗಬೇಕು. ಆದರೆ ಮಾರುವವನ ಕಡೆಯವನು 60,000, 65,000, 68,000 ಎಂದು ಏರಿಸಿ ನಿಲ್ಲಿಸಿದರೆ ತಾವು 69,000 ತೆರಬೇಕಾಗುವುದು. 16,000 ರೂಪಾಯಿ ವ್ಯರ್ಥವಾಯಿತು. ಅವನು 71,000 ಕೂಗಿ ತಾನೇ ಗೆದ್ದರೂ ಮಾರುವವನಿಗೆ ನಷ್ಟವಿಲ್ಲ. “ಗೆದ್ದವನು ಹಿಂಜರಿದನು, ತಮ್ಮ ಬೆಲೆಗೇ ಕೊಡುತ್ತೇನೆ” ಎಂದು ತಮ್ಮ ಬಳಿಗೆ ಬರುವನು.

2000ದಲ್ಲಿ ಅಮೆರಿಕದ ಈಬೇ ಹರಾಜಿನಲ್ಲಿ 25 ಸೆಂಟಿನಿಂದ ಆರಂಭವಾದ ಒಂದು ಚಿತ್ರಪಟವು 1,35,805 ಡಾಲರಿಗೆ ಏರಿತು. ಮಾರುವವನೇ ಸವಾಲು ಹಾಕಿದ್ದುದು ತಿಳಿದು ಆ ಮಾರಾಟವು ರದ್ದಾಯಿತು. 2001ರಲ್ಲಿ ಅವನು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡನು.

ಗುರುತುಗಳು.— (1) ಒಬ್ಬನೇ ಮಾರುವವನ ಸರಕುಗಳಿಗೆ ಮಾತ್ರ ಸವಾಲು ಹಾಕುವ ಹೆಸರು. (2) ಪದೇ ಪದೇ ಬೆಲೆಯನ್ನೇರಿಸಿ, ಎಂದೂ ಕೊಳ್ಳದೆ ಹಿಂದೆ ಸರಿಯುವ ಹೆಸರು. (3) ಮಾರಿಹೋಯಿತೆಂದ ಸರಕೇ ಮತ್ತೆ ಹರಾಜಿಗೆ ಬರುವುದು. ಇವುಗಳಲ್ಲಿ ಒಂದರಿಂದಲೇ ಮೋಸವು ಸಿದ್ಧವಾಗದು. ಎರಡು ಮೂರು ಕೂಡಿದರೆ ಎಚ್ಚರಿಕೆ ತಕ್ಕದ್ದು.

ಕಾಯಿದೆ.— 1930ನೆಯ ಇಸವಿಯ ಸರಕುಗಳ ಮಾರಾಟದ ಕಾಯಿದೆಯ 64ನೆಯ ಕಲಮಿನ ಪ್ರಕಾರ, ಮಾರುವವನು ತಾನೂ ಸವಾಲು ಹಾಕುವೆನೆಂದು ಮುಂಚಿತವಾಗಿ ಸ್ಪಷ್ಟಪಡಿಸಿರದಿದ್ದರೆ, ತಾನಾಗಲಿ ತನ್ನ ಕಡೆಯವನಿಂದಾಗಲಿ ಸವಾಲು ಹಾಕಿಸಕೂಡದು. ಬೆಲೆಯೇರಿಸಲು ತೋರಿಕೆಯ ಸವಾಲು ಹಾಕಿಸಿದರೆ, ಆ ಮಾರಾಟವನ್ನು ರದ್ದುಪಡಿಸುವ ಹಕ್ಕು ಕೊಂಡವನಿಗುಂಟು.

ಕೊಳ್ಳುವವರು ಮಾಡಬೇಕಾದ್ದು.— ಪೇಟೆಯ ಧಾರಣೆಯನ್ನು ವಿಚಾರಿಸಿ, ಮಿತಿಯನ್ನು ಕಾಗದದ ಮೇಲೆ ಬರೆದಿಟ್ಟು, ಹಟಕ್ಕೆ ಬಿದ್ದು ಅದನ್ನು ಮೀರಬಾರದು. ಆ ಮಿತಿಯನ್ನು ಕೊನೆಯ ಗಳಿಗೆಯಲ್ಲಿ ನಮೂದಿಸಿದರೆ ಅದನ್ನು ಕೆದಕಿ ನೋಡಲು ಮೋಸಗಾರನಿಗೆ ವೇಳೆ ಸಿಕ್ಕದು. ಆದರೆ ತಡವಾದ ಸವಾಲಿಗೆ ಗಡುವು ಮುಂದೆ ಹೋಗುವ ಹರಾಜಿನಲ್ಲಿ ಈ ಉಪಾಯದಿಂದ ಫಲವಿಲ್ಲ. ಗೆದ್ದವನು ಬಿಟ್ಟನೆಂದು ಬಂದ ಸರಕನ್ನು, ಅವನ ಸವಾಲುಗಳನ್ನು ತೆಗೆದುಹಾಕಿ ಲೆಕ್ಕ ಹಾಕಿದ ಬೆಲೆಗೆ ಮಾತ್ರ ಕೇಳಬೇಕು. ಸವಾಲುಗಳ ಪಟ್ಟಿಯ ಚಿತ್ರವನ್ನು ಅಂದೇ ತೆಗೆದಿಟ್ಟುಕೊಂಡರೆ ಹರಾಜು ನಡೆಸಿದವರಿಗೆ ದೂರು ಕೊಡುವಾಗ ಸಾಕ್ಷ್ಯವಾಗುವುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಮಾರುವವರಿಗೆ.— ಸರಕು ಅಗ್ಗಕ್ಕೆ ಹೋದೀತೆಂಬ ಭಯವು ಸಹಜವೇ. ಅದಕ್ಕೆ ಕಾಯಿದೆಯೇ ದಾರಿಯಿಟ್ಟಿದೆ: ಇದಕ್ಕಿಂತ ಕಡಿಮೆಗೆ ಕೊಡೆನೆಂಬ ಷರತ್ತನ್ನು ಮೊದಲೇ ಸಾರಬಹುದು. ನಮ್ಮ ಕೃಷಿ ಮಾರುಕಟ್ಟೆಗಳ ಆನ್‌ಲೈನ್ ವ್ಯಾಪಾರದಲ್ಲಿಯೂ ಬಂದ ಬೆಲೆಯು ಒಪ್ಪಿಗೆಯಾಗದಿದ್ದರೆ ನಿರಾಕರಿಸುವ ಹಕ್ಕು ರೈತನಿಗುಂಟು. ಬಹಿರಂಗವಾಗಿ ಬೇಡವೆನ್ನುವ ಹಕ್ಕಿರುವಾಗ ಮರೆಯಲ್ಲಿ ಕೂಗಿಸುವ ಅಗತ್ಯವೇ ಇಲ್ಲ.