ಊರ ಪಕ್ಕದ ದೊಡ್ಡ ಕಂಪನಿಯಲ್ಲಿ ಕೆಲಸ: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಚನ್ನಪಟ್ಟಣದ ಹತ್ತಿರದ ಹಳ್ಳಿ. ಐಟಿಐ ಫಿಟ್ಟರ್ ಮುಗಿಸಿ ಒಂದೂವರೆ ವರ್ಷವಾಯಿತು. ಬಿಡದಿಯ ದೊಡ್ಡ ಕಂಪನಿಗಳ ಗೇಟಿಗೆ ಹೋಗಿ ರೆಸ್ಯೂಮೆ ಕೊಟ್ಟು ಬರುತ್ತೇನೆ. ಸೆಕ್ಯುರಿಟಿಯವರು ತೆಗೆದುಕೊಳ್ಳುತ್ತಾರೆ, ಆಮೇಲೆ ಯಾರೂ ಕರೆಯುವುದಿಲ್ಲ. ಒಳಗೆ ಗೊತ್ತಿರುವವರು ಇಲ್ಲದಿದ್ದರೆ ಕೆಲಸ ಸಿಗುವುದೇ ಇಲ್ಲ ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ಮನೆಯಲ್ಲಿ ಅಪ್ಪನ ಮುಖ ನೋಡಲು ಕಷ್ಟವಾಗುತ್ತಿದೆ.
— ಓದುಗ, ಚನ್ನಪಟ್ಟಣ ತಾಲ್ಲೂಕು

ಉತ್ತರ: ಕಲಿತ ಕೆಲಸ ಕೈಯಲ್ಲಿದೆ, ಕಾರ್ಖಾನೆ ಕಣ್ಣೆದುರಿಗಿದೆ, ಆದರೂ ಒಳಗೆ ಹೋಗಲು ಆಗುತ್ತಿಲ್ಲ. ಇದು ನಿಮ್ಮ ಸಂಕಟ. ಯಾರೂ ಕರೆಯದಿದ್ದರೆ ತನ್ನಲ್ಲೇ ಏನೋ ಕೊರತೆ ಇದೆ ಎಂದು ಅನಿಸತೊಡಗುತ್ತದೆ. ಮೊದಲು ಆ ಯೋಚನೆಯನ್ನು ಬಿಡಿ. ನಿಮ್ಮನ್ನು ಯಾರೂ ಬೇಡ ಎಂದಿಲ್ಲ. ನಿಮ್ಮ ಕಾಗದ ಅದನ್ನು ನೋಡಬೇಕಾದವರ ಮೇಜಿಗೆ ತಲುಪಿಯೇ ಇಲ್ಲ, ಅಷ್ಟೆ. ದೊಡ್ಡ ಕಾರ್ಖಾನೆಯಲ್ಲಿ ಯಾರನ್ನು ತೆಗೆದುಕೊಳ್ಳಬೇಕು ಎಂಬುದು ಗೇಟಿನಲ್ಲಿ ತೀರ್ಮಾನವಾಗುವುದಿಲ್ಲ.

ಹಾಗಾದರೆ ಎಲ್ಲಿ ತೀರ್ಮಾನವಾಗುತ್ತದೆ? ನಿಮ್ಮಂಥ ಐಟಿಐ ಹುಡುಗರು ಒಳಗೆ ಹೋಗುವ ದಾರಿ ಮುಖ್ಯವಾಗಿ ಮೂರು. ಒಂದು ಅಪ್ರೆಂಟಿಸ್ (ಕಂಪನಿಯಲ್ಲೇ ಕಲಿಯುತ್ತಾ ದುಡಿಯುವ ತರಬೇತಿ). ಎರಡನೆಯದು ಗುತ್ತಿಗೆ ಏಜೆನ್ಸಿ. ಮೂರನೆಯದು ಐಟಿಐಗಳಿಗೇ ಕಂಪನಿಯವರು ಬಂದು ಆರಿಸುವ ಕ್ಯಾಂಪಸ್ ಸಂದರ್ಶನ. ನೀವು ಮೊದಲು ಹಿಡಿಯಬೇಕಾದದ್ದು ಅಪ್ರೆಂಟಿಸ್ ದಾರಿಯನ್ನು ಎಂಬುದು ನನ್ನ ಅಭಿಪ್ರಾಯ. ಯಾಕೆಂದು ಹೇಳುತ್ತೇನೆ.

ನಮ್ಮಲ್ಲಿ 1961ರಿಂದಲೂ ಅಪ್ರೆಂಟಿಸ್ ಕಾಯ್ದೆ ಇದೆ. ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆ ತನ್ನ ಒಟ್ಟು ಕೆಲಸಗಾರರ ಲೆಕ್ಕದಲ್ಲಿ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು ಎನ್ನುತ್ತದೆ ಅದರ ನಿಯಮ. ಅಂದರೆ ದೊಡ್ಡ ಕಂಪನಿಗೆ ಪ್ರತಿವರ್ಷ ಹೊಸ ಹುಡುಗರು ಬೇಕೇ ಬೇಕು. ಇದು ಅವರ ಮರ್ಜಿಯ ಮಾತಲ್ಲ. ಈ ಜಾಗಗಳು ಅಪ್ರೆಂಟಿಸ್‌ಶಿಪ್ ಇಂಡಿಯಾ ಎಂಬ ಸರ್ಕಾರಿ ಪೋರ್ಟಲ್‌ನಲ್ಲಿ ಬರುತ್ತವೆ. ಅಲ್ಲಿ ನಿಮ್ಮ ಹೆಸರು ನೋಂದಾಯಿಸಿ, ರಾಮನಗರ (ಈಗ ಬೆಂಗಳೂರು ದಕ್ಷಿಣ) ಮತ್ತು ಬೆಂಗಳೂರು ಜಿಲ್ಲೆಗಳನ್ನು ಆರಿಸಿ, ಫಿಟ್ಟರ್ ಟ್ರೇಡ್ ಹಾಕಿ ಹುಡುಕಿ. ವಾರಕ್ಕೊಮ್ಮೆ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಡಿಪ್ಲೊಮಾ, ಪದವಿ ಮುಗಿಸಿದ ಗೆಳೆಯರಿದ್ದರೆ ಅವರಿಗೆ ನ್ಯಾಟ್ಸ್ ಎಂಬ ಬೇರೆ ಪೋರ್ಟಲ್ ಇದೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಅಪ್ರೆಂಟಿಸ್ ಮುಗಿಸಿದವರಿಗೆಲ್ಲ ಅದೇ ಕಂಪನಿ ಕಾಯಂ ಕೆಲಸ ಕೊಡಬೇಕೆಂಬ ಕಡ್ಡಾಯವಿಲ್ಲ. ಕೈಗೆ ಸಿಗುವುದು ಸಂಬಳವಲ್ಲ, ಸ್ಟೈಪೆಂಡ್ (ತರಬೇತಿ ಭತ್ಯೆ). ಇಷ್ಟು ಕಡಿಮೆ ದುಡ್ಡಿಗೆ ವರ್ಷವಿಡೀ ಯಾಕೆ ದುಡಿಯಬೇಕು ಎಂದು ಮನೆಯಲ್ಲಿ ಕೇಳಬಹುದು. ಆದರೆ ಮುಂದಿನ ಸಂದರ್ಶನದಲ್ಲಿ 'ದೊಡ್ಡ ಪ್ಲಾಂಟ್‌ನಲ್ಲಿ ಒಂದು ವರ್ಷ ಮಾಡಿದ್ದೇನೆ' ಎನ್ನುವುದಕ್ಕೂ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರಕ್ಕೂ ಬೆಲೆ ಇದೆ. ಅಪ್ಪನಿಗೆ ಇದನ್ನು ಕೂತು ವಿವರಿಸಿ.

ಇನ್ನು ಗೊತ್ತಿರುವವರ ಮಾತು. ಅದು ಪೂರ್ತಿ ಸುಳ್ಳಲ್ಲ. ಆದರೆ ಒಳಗಿರುವ ಸಾಮಾನ್ಯ ಕೆಲಸಗಾರರು ನಿಮಗೆ ಕೆಲಸ ಕೊಡಿಸಲಾರರು, ಸುದ್ದಿ ಕೊಡಬಲ್ಲರು. ಹಾಗಾಗಿ ನಿಮ್ಮೂರಿನಿಂದ ಕಂಪನಿ ಬಸ್ಸು ಹತ್ತುವ ಅಣ್ಣಂದಿರನ್ನು 'ನನಗೊಂದು ಕೆಲಸ ಕೊಡಿಸಿ' ಎಂದು ಕೇಳಬೇಡಿ, ಅವರಿಗೆ ಮುಜುಗರವಾಗುತ್ತದೆ. 'ನಿಮ್ಮಲ್ಲಿ ಹೊಸಬರನ್ನು ಯಾವ ತಿಂಗಳಲ್ಲಿ ತಗೋತಾರೆ? ಯಾವ ಏಜೆನ್ಸಿಯವರು ತಗೋತಾರೆ? ಟೆಸ್ಟ್‌ನಲ್ಲಿ ಏನು ಕೇಳಿದರು?' ಎಂದು ಕೇಳಿ. ಖುಷಿಯಿಂದ ಹೇಳುತ್ತಾರೆ. ನೀವು ಓದಿದ ಐಟಿಐನ ಪ್ಲೇಸ್‌ಮೆಂಟ್ ಅಧಿಕಾರಿಯನ್ನೂ ಹೋಗಿ ಕಾಣಿ. ಕ್ಯಾಂಪಸ್ ಸಂದರ್ಶನಕ್ಕೆ ಎಷ್ಟೋ ಸಲ ಹಳೆಯ ವಿದ್ಯಾರ್ಥಿಗಳನ್ನೂ ಸೇರಿಸಿಕೊಳ್ಳುತ್ತಾರೆ. ನಿಮ್ಮ ಫೋನ್ ನಂಬರ್ ಅವರ ಪಟ್ಟಿಯಲ್ಲಿದ್ದರೆ ತಾನೇ ಕರೆಯುವುದು?

ಬೋರ್ಡಿನ ಮೇಲಿನ ದೊಡ್ಡ ಹೆಸರನ್ನಷ್ಟೇ ನೋಡಬೇಡಿ ಎಂದೂ ಹೇಳಬೇಕು. ಟೊಯೋಟಾ ಒಂದು ಕಾರು ಹೊರಗೆ ಬಿಡಬೇಕಾದರೆ ಅದರ ಬಿಡಿಭಾಗ ಮಾಡಿಕೊಡುವ ವೆಂಡರ್ ಕಂಪನಿಗಳು (ದೊಡ್ಡ ಕಂಪನಿಗೆ ಸರಕು ಪೂರೈಸುವವರು) ಸುತ್ತಮುತ್ತ ಬೇಕು. ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಅಂಥವು ಬಹಳ ಇವೆ. ಅಲ್ಲಿ ಎಚ್‌ಆರ್ (ನೇಮಕ ನೋಡಿಕೊಳ್ಳುವವರು) ನೇರವಾಗಿ ಮಾತಿಗೆ ಸಿಗುತ್ತಾರೆ. ಗೇಟಿಗೆ ಹೋಗಿ ಕೇಳುವ ನಿಮ್ಮ ಈಗಿನ ಕ್ರಮ ಫಲ ಕೊಡುವುದು ಅಂಥ ಕಡೆ. ಹೋಗುವ ಮುಂಚೆ ವರ್ನಿಯರ್, ಮೈಕ್ರೋಮೀಟರ್ ಓದುವುದನ್ನೂ ಡ್ರಾಯಿಂಗ್ (ಬಿಡಿಭಾಗದ ಅಳತೆಯ ನಕ್ಷೆ) ನೋಡುವುದನ್ನೂ ಮತ್ತೊಮ್ಮೆ ಅಭ್ಯಾಸ ಮಾಡಿ. ಒಂದೂವರೆ ವರ್ಷ ಕೈ ಬಿಟ್ಟರೆ ಮರೆತಿರುತ್ತದೆ, ಫಿಟ್ಟರ್‌ಗಳಿಗೆ ಕೇಳುವುದೂ ಅದನ್ನೇ.

ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ತಮ್ಮನೋ ತಂಗಿಯೋ ಇದ್ದರೆ ಅವರಿಗೆ ಇನ್ನೊಂದು ದಾರಿ ಇದೆ. ಬಿಡದಿಯಲ್ಲಿ 2007ರಲ್ಲಿ ಶುರುವಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ಗ್ರಾಮೀಣ ಭಾಗದ, ಹಣಕಾಸಿನ ಅನುಕೂಲವಿಲ್ಲದ ಮನೆಗಳ ಮಕ್ಕಳನ್ನು ಪರೀಕ್ಷೆ ಮೂಲಕ ಆರಿಸಿ, ಅಲ್ಲೇ ಇಟ್ಟುಕೊಂಡು ಕಲಿಸುತ್ತದೆ. ಹತ್ತನೇ ತರಗತಿ ನಡೆಯುತ್ತಿರುವಾಗಲೇ ಶಾಲೆಯಲ್ಲಿ ವಿಚಾರಿಸಬೇಕು.

ಪ್ರಶ್ನೆ: ಮಗಳು ಪಿಯುಸಿ ಪಾಸು. ನರಸಾಪುರದ ಮೊಬೈಲ್ ಫ್ಯಾಕ್ಟರಿಗೆ ಕೆಲಸಕ್ಕೆ ಸೇರಿಸುತ್ತೇವೆಂದು ಒಂದು ಏಜೆನ್ಸಿಯವರು ಊರಿಗೆ ವ್ಯಾನ್ ತಂದು ಕರೆಯುತ್ತಿದ್ದಾರೆ. ರಾತ್ರಿ ಪಾಳಿಯೂ ಇರುತ್ತದಂತೆ. ಕಳಿಸಲು ಭಯ, ಬೇಡ ಎನ್ನಲೂ ಮನಸ್ಸಿಲ್ಲ. ಅವಳಿಗೆ ಆಸೆ ಇದೆ.
— ಒಬ್ಬ ತಾಯಿ, ಮಾಲೂರು ತಾಲ್ಲೂಕು

ಉತ್ತರ: ಮಗಳ ಕೆಲಸವೂ ಆಗಬೇಕು, ಅವಳು ಕ್ಷೇಮವಾಗಿಯೂ ಇರಬೇಕು. ನಿಮ್ಮ ಭಯ ಸರಿಯಾದದ್ದೇ. ಅದೇ ಭಯ ಸರಿಯಾದ ಪ್ರಶ್ನೆಗಳನ್ನು ಕೇಳಿಸುತ್ತದೆ, ಹಾಗಾಗಿ ಅದನ್ನು ಒತ್ತಿಡಬೇಡಿ. ನರಸಾಪುರದಲ್ಲೂ ದೇವನಹಳ್ಳಿಯ ಫಾಕ್ಸ್‌ಕಾನ್‌ನಲ್ಲೂ ನಿಮ್ಮ ಮಗಳ ವಯಸ್ಸಿನ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಫೋನ್ ಜೋಡಣೆ ಕೆಲಸ ಮಾಡುತ್ತಿದ್ದಾರೆ. ಅವಳು ಹೋಗುವುದಾದರೆ ಒಂಟಿಯಾಗಿ ಹೋಗುತ್ತಿಲ್ಲ.

ನೀವು ಮೊದಲು ಕೇಳಬೇಕಾದದ್ದು, ಮಗಳ ಸಂಬಳದ ಚೀಟಿಯ ಮೇಲೆ ಯಾರ ಹೆಸರಿರುತ್ತದೆ ಎಂದು. ಕಾರ್ಖಾನೆಯ ಹೆಸರೋ, ಏಜೆನ್ಸಿಯ ಹೆಸರೋ? ಏಜೆನ್ಸಿಯದಾದರೆ ಅವಳು ಗುತ್ತಿಗೆ ಕೆಲಸಗಾರ್ತಿ. ಅದೇನೂ ಕೆಟ್ಟದ್ದೆಂದಲ್ಲ, ಬಹಳ ಜನ ಹಾಗೆಯೇ ಶುರು ಮಾಡುತ್ತಾರೆ. ಆದರೆ ಸಂಬಳದಲ್ಲಿ ತೊಂದರೆಯಾದಾಗ ಯಾರನ್ನು ಕೇಳಬೇಕು ಎಂಬುದು ಅದರಿಂದ ತಿಳಿಯುತ್ತದೆ. 2020ರ ಡಿಸೆಂಬರ್‌ನಲ್ಲಿ ನರಸಾಪುರದ ಇದೇ ಕಾರ್ಖಾನೆಯಲ್ಲಿ ಸಂಬಳದ ವಿಷಯಕ್ಕೆ ದೊಡ್ಡ ಗಲಾಟೆಯಾದದ್ದು ನಿಮಗೆ ನೆನಪಿರಬಹುದು. ಆಗ ಅದು ವಿಸ್ಟ್ರಾನ್ ಎಂಬ ಕಂಪನಿಯ ಕೈಯಲ್ಲಿತ್ತು, ಟಾಟಾದವರು ಕೊಂಡದ್ದು 2023ರಲ್ಲಿ. ಅಂದು ಅಲ್ಲಿ ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ಏಜೆನ್ಸಿಗಳ ಮೂಲಕ ಬಂದವರು. ಹೇಳಿದ ಸಂಬಳ ಒಂದು, ಕೈಗೆ ಬಂದದ್ದು ಇನ್ನೊಂದು ಎಂಬುದೇ ಅವರ ದೂರಾಗಿತ್ತು.

ಆದ್ದರಿಂದ 'ಸಂಬಳ ಎಷ್ಟು' ಎಂದು ಕೇಳಿ ಸುಮ್ಮನಾಗಬೇಡಿ. ಊಟ, ಬಸ್ಸು, ಹಾಸ್ಟೆಲ್, ಪಿಎಫ್ ಎಲ್ಲ ಕಳೆದು ಬ್ಯಾಂಕ್ ಖಾತೆಗೆ ಎಷ್ಟು ಬೀಳುತ್ತದೆ ಎಂದು ಬರೆಸಿಕೊಳ್ಳಿ. ಸೇರಿದ ಮೇಲೆ ಅವಳಿಗೆ ಯುಎಎನ್ (ಪಿಎಫ್ ಖಾತೆಯ ಹನ್ನೆರಡು ಅಂಕಿಯ ಸಂಖ್ಯೆ) ಸಿಗಬೇಕು. ಉಮಂಗ್ ಆಪ್‌ನಲ್ಲಿ ಅದನ್ನು ಹಾಕಿ ನೋಡಿದರೆ ಪ್ರತಿ ತಿಂಗಳು ಹಣ ಕಟ್ಟುತ್ತಿದ್ದಾರೋ ಇಲ್ಲವೋ ಕಾಣುತ್ತದೆ. ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) ಸಂಖ್ಯೆಯನ್ನೂ ಕೇಳಿ. ಅದರಿಂದ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಏಜೆನ್ಸಿ ಸಂಬಳ ಕೊಡದೆ ಕೈಕೊಟ್ಟರೆ, ಕೆಲಸ ಮಾಡಿಸಿಕೊಂಡ ಕಾರ್ಖಾನೆಯೇ ಕೊಡಬೇಕು ಎಂದು ಕಾನೂನು ಹೇಳುತ್ತದೆ. ಆಗ ಜಿಲ್ಲೆಯ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಬಹುದು.

ರಾತ್ರಿ ಪಾಳಿಯ ಮಾತಿಗೆ ಬರೋಣ. ಕರ್ನಾಟಕದಲ್ಲಿ ಕಾರ್ಖಾನೆಗಳ ರಾತ್ರಿ ಪಾಳಿಗೆ ಹೆಣ್ಣುಮಕ್ಕಳನ್ನು ಹಾಕಲು ಅವಕಾಶವಿದೆ, ಆದರೆ ಷರತ್ತುಗಳ ಮೇಲೆ. ಅವಳ ಒಪ್ಪಿಗೆ ಬೇಕು. ಹೋಗಿ ಬರಲು ವಾಹನವನ್ನೂ ಒಳಗೆ ಭದ್ರತೆಯನ್ನೂ ಕೊಡಬೇಕು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ (ಕಿರುಕುಳದ ದೂರು ಕೇಳುವ ಸಮಿತಿ) ಇರಲೇಬೇಕೆಂದು 2013ರ ಕಾಯ್ದೆ ಇದೆ. ಆ ಸಮಿತಿಯಲ್ಲಿ ಯಾರಿದ್ದಾರೆ ಎಂದು ಸೇರಿದ ವಾರದಲ್ಲೇ ತಿಳಿದುಕೊಳ್ಳಲು ಮಗಳಿಗೆ ಹೇಳಿ.

ಒಮ್ಮೆ ನೀವೇ ಅವಳ ಜೊತೆ ಹೋಗಿ ಹಾಸ್ಟೆಲ್ ನೋಡಿ ಬನ್ನಿ. ಅಲ್ಲಿರುವ ನಿಮ್ಮ ಕಡೆಯ ಹೆಣ್ಣುಮಕ್ಕಳನ್ನು, ಏಜೆನ್ಸಿಯವರು ಪಕ್ಕದಲ್ಲಿಲ್ಲದಾಗ, ಮಾತಾಡಿಸಿ. ನೋಡಲು ಬಿಡದ ಏಜೆನ್ಸಿಯಾದರೆ ಆ ವ್ಯಾನ್ ಹತ್ತಿಸುವುದು ಬೇಡ. ಎಸ್ಸೆಸ್ಸೆಲ್ಸಿ, ಪಿಯುಸಿಯ ಮೂಲ ಅಂಕಪಟ್ಟಿಗಳನ್ನು ಯಾರ ಕೈಗೂ ಒಪ್ಪಿಸಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ಸಾಕು.

ಪ್ರಶ್ನೆ: ಬಿ.ಎ. ಮುಗಿಸಿದ್ದೇನೆ. ಬೆಂಗಳೂರಿನ ದೊಡ್ಡ ಕಂಪನಿಯೊಂದರ ಹೆಸರಿನಲ್ಲಿ ವಾಟ್ಸಾಪ್‌ಗೆ ಆಫರ್ ಲೆಟರ್ ಬಂತು. 'ಲ್ಯಾಪ್‌ಟಾಪ್ ಡಿಪಾಸಿಟ್' ಎಂದು ಹಣ ಕೇಳಿದರು, ಅಮ್ಮನ ಸಂಘದ ಸಾಲದಿಂದ ಕಳಿಸಿದೆ. ಈಗ ಫೋನ್ ಎತ್ತುತ್ತಿಲ್ಲ. ಇನ್ನೊಂದು ಪ್ರಶ್ನೆ: ನಮ್ಮ 371ಜೆ ಸರ್ಟಿಫಿಕೇಟ್‌ನಿಂದ ಖಾಸಗಿ ಕಂಪನಿಯಲ್ಲಿ ಅನುಕೂಲವಾಗುತ್ತದೆಯೇ?
— ಓದುಗ, ಕಲಬುರಗಿ ಜಿಲ್ಲೆ

ಉತ್ತರ: ನಿಮಗೆ ಮೋಸವಾಗಿದೆ. ಅದಕ್ಕಾಗಿ ನಾಚಿಕೆಪಡಬೇಡಿ, ಅಮ್ಮನಿಂದ ಮುಚ್ಚಿಡಲೂ ಬೇಡಿ. ಕೆಲಸ ಬೇಕೇಬೇಕು ಎನ್ನುವವರನ್ನೇ ಇವರು ಹುಡುಕಿ ಹಿಡಿಯುತ್ತಾರೆ.

ಈ ಕ್ಷಣವೇ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಹಣ ಇನ್ನೂ ಅವರ ಖಾತೆಯಲ್ಲಿದ್ದರೆ ತಡೆಹಿಡಿಯಲು ಸಾಧ್ಯ, ಹಾಗಾಗಿ ಒಂದೊಂದು ಗಂಟೆಯೂ ಮುಖ್ಯ. ವಾಟ್ಸಾಪ್ ಮಾತುಕತೆ ಅಳಿಸಬೇಡಿ, ಹಣ ಕಳಿಸಿದ ಯುಪಿಐ ಸಂಖ್ಯೆ ಇಟ್ಟುಕೊಳ್ಳಿ. ಹಣ ವಾಪಸ್ ಕೊಡಿಸುತ್ತೇವೆ ಎಂದು ಮತ್ತೊಬ್ಬರು ಫೋನ್ ಮಾಡಿ 'ಫೀಸು' ಕೇಳಿದರೆ ಕೊಡಬೇಡಿ. ಒಮ್ಮೆ ಸಿಕ್ಕವರನ್ನು ಹೀಗೆ ಎರಡನೇ ಸಲವೂ ಹಿಡಿಯುತ್ತಾರೆ.

ಮುಂದಕ್ಕೆ ಇದೊಂದು ನೆನಪಿಡಿ. ಸರಿಯಾದ ಖಾಸಗಿ ಕಂಪನಿ ಕೆಲಸ ಕೊಡಲು ಹಣ ಕೇಳುವುದಿಲ್ಲ. ಲ್ಯಾಪ್‌ಟಾಪ್‌ಗಾಗಲಿ ಗೇಟ್ ಪಾಸಿಗಾಗಲಿ ಕೇಳುವುದಿಲ್ಲ. ಎಚ್‌ಎಎಲ್, ಬಿಇಎಲ್, ಬಿಇಎಂಎಲ್‌ನಂಥ ಸಾರ್ವಜನಿಕ ಉದ್ದಿಮೆಗಳು (ಸರ್ಕಾರದ ಒಡೆತನದ ಕಂಪನಿಗಳು) ಮಾತ್ರ ಕೆಲವು ಹುದ್ದೆಗಳಿಗೆ ಅರ್ಜಿ ಶುಲ್ಕ ಪಡೆಯುವುದುಂಟು. ಆದರೆ ಅದು ಪತ್ರಿಕೆಯಲ್ಲಿ ಜಾಹೀರಾತಾಗಿ ಬಂದಿರುತ್ತದೆ, ಹಣ ಹೋಗುವುದು ಸಂಸ್ಥೆಯ ಖಾತೆಗೇ ಹೊರತು ಯಾವುದೋ ಒಬ್ಬರ ಫೋನ್ ನಂಬರಿಗಲ್ಲ. ಆಫರ್ ಬಂದರೆ ಅದರಲ್ಲಿರುವ ನಂಬರಿಗೆ ಕರೆ ಮಾಡಬೇಡಿ. ಕಂಪನಿಯ ಅಧಿಕೃತ ವೆಬ್‌ಸೈಟ್‌ನ 'ಕರಿಯರ್ಸ್' ಪುಟ (ಖಾಲಿ ಹುದ್ದೆಗಳ ಪಟ್ಟಿ) ತೆರೆದು ಆ ಹುದ್ದೆ ಅಲ್ಲಿದೆಯೇ ನೋಡಿ.

371ಜೆ (ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸವಲತ್ತು ಕೊಡುವ ಸಂವಿಧಾನದ ವಿಧಿ) ನಿಮ್ಮ ಭಾಗಕ್ಕೆ ದೊಡ್ಡ ಬಲ. ಆದರೆ ಅದು ರಾಜ್ಯ ಸರ್ಕಾರದ ಹುದ್ದೆಗಳಿಗೂ ಕಾಲೇಜು ಸೀಟುಗಳಿಗೂ ಅನ್ವಯಿಸುತ್ತದೆ, ಖಾಸಗಿ ಕಂಪನಿಗಳಿಗಲ್ಲ. ಸರ್ಟಿಫಿಕೇಟ್ ಜೋಪಾನವಾಗಿ ಇಟ್ಟುಕೊಳ್ಳಿ, ಸರ್ಕಾರಿ ಅರ್ಜಿಗಳಿಗೆ ಬಳಸಿ. ಖಾಸಗಿಗಾಗಿ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಹೋಗಿ ಬನ್ನಿ. ಹೆಸರು ಬರೆಸಿದ ಮೇಲೆ ಮನೆಗೆ ಕಾರ್ಡ್ ಬರುತ್ತದೆ ಎಂದು ಕಾಯುವ ಕಾಲ ಇದಲ್ಲ. ಈಗ ಆ ಕಚೇರಿಯ ದೊಡ್ಡ ಉಪಯೋಗವೆಂದರೆ ಉದ್ಯೋಗ ಮೇಳಗಳ ಖಚಿತ ದಿನಾಂಕ ತಿಳಿಯುವುದು.

ಪ್ರಶ್ನೆ: ಕೈಗಾರಿಕೆಗೆಂದು ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ನಮ್ಮ ಎರಡು ಎಕರೆ ತೆಗೆದುಕೊಂಡಿತು. ಮನೆಗೊಂದು ಕೆಲಸ ಎಂದರು. ಕಂಪನಿ ಬಂದಿದೆ, ಕೆಲಸ ಬಂದಿಲ್ಲ. ಕನ್ನಡಿಗರಿಗೆ ಮೀಸಲಾತಿ ಕಾನೂನು ಬಂದಿದೆ ಎನ್ನುತ್ತಾರಲ್ಲ?
— ರೈತ, ದೇವನಹಳ್ಳಿ ತಾಲ್ಲೂಕು

ಉತ್ತರ: ಹೊಲವೂ ಹೋಯಿತು, ಮಾತೂ ಉಳಿಯಲಿಲ್ಲ ಎಂಬ ನಿಮ್ಮ ನೋವು ನ್ಯಾಯವಾದದ್ದು. ನಿಮ್ಮ ಬೇಡಿಕೆಯನ್ನು ಯಾರೂ ಭಿಕ್ಷೆ ಎಂಬಂತೆ ನೋಡಬಾರದು.

ಮೀಸಲಾತಿಯ ವಿಷಯ ಸ್ಪಷ್ಟವಾಗಲಿ. ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆಗೆ 2024ರ ಜುಲೈನಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ಹಾಗಾಗಿ ಅದನ್ನು ನಂಬಿ ಕೂರಬೇಡಿ. ಕನ್ನಡಿಗರ ಉದ್ಯೋಗದ ಬಗೆಗಿನ ಡಾ. ಸರೋಜಿನಿ ಮಹಿಷಿ ವರದಿಯನ್ನು ಅನುಸರಿಸಿ, ಒಟ್ಟು ಶೇಕಡಾ 70ರಷ್ಟು ಮತ್ತು ಡಿ ಗುಂಪಿನಲ್ಲಿ (ಕೆಳ ಹಂತದ ಹುದ್ದೆಗಳಲ್ಲಿ) ಪೂರ್ತಿ ಕೆಲಸ ಕನ್ನಡಿಗರಿಗೆ ಎಂಬ ಮಾತು ರಾಜ್ಯದ ಕೈಗಾರಿಕಾ ನೀತಿಯಲ್ಲಿ ಬಂದಿದೆ. ಅದು ಕಂಪನಿ ಸರ್ಕಾರದಿಂದ ಪಡೆಯುವ ರಿಯಾಯಿತಿಗಳಿಗೆ ಹಾಕಿದ ಷರತ್ತು.

ನಿಮಗೆ ಉಪಯೋಗಕ್ಕೆ ಬರುವುದು ಇನ್ನೊಂದು ಕಾಗದ. ಕಂಪನಿಯ ಯೋಜನೆಗೆ ಸರ್ಕಾರ ಒಪ್ಪಿಗೆ ಕೊಟ್ಟಾಗ ಹೊರಡಿಸುವ ಆದೇಶದಲ್ಲಿ ಷರತ್ತುಗಳಿರುತ್ತವೆ. ಭೂಮಿ ಕೊಟ್ಟವರ ಮನೆಗೆ ಕೆಲಸ ಎಂಬ ಮಾತು ಇದ್ದರೆ ಅಲ್ಲೇ ಇರುತ್ತದೆ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅದರ ನಕಲು ಕೇಳಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಆ ನಕಲು, ಪರಿಹಾರದ ಆದೇಶ, ಹಳೆಯ ಪಹಣಿ, ವಂಶವೃಕ್ಷ ಸೇರಿಸಿ, ಮಗನೋ ಮಗಳೋ ಯಾರಿಗೆ ಕೆಲಸ ಬೇಕು, ಅವರ ಓದೇನು ಎಂದು ಬರೆದು ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೂ ಕಂಪನಿಯ ಎಚ್‌ಆರ್‌ಗೂ ಕೊಡಿ, ಸ್ವೀಕೃತಿ ಪಡೆಯಿರಿ. ನಿಮ್ಮಂತೆ ಭೂಮಿ ಕೊಟ್ಟ ನೆರೆಯವರೂ ಒಟ್ಟಿಗೆ ಹೋದರೆ ಇನ್ನೂ ಒಳ್ಳೆಯದು.

ಮಕ್ಕಳ ಓದಿಗೆ ಹೊಂದುವ ಹುದ್ದೆ ಅಲ್ಲಿ ಇಲ್ಲದಿದ್ದರೆ, ತರಬೇತಿ ಕೊಟ್ಟು ತೆಗೆದುಕೊಳ್ಳಿ ಎಂದು ಅರ್ಜಿಯಲ್ಲೇ ಕೇಳಿ. 'ಅರ್ಹತೆ ಇಲ್ಲ' ಎಂಬ ಒಂದೇ ಮಾತಿನಲ್ಲಿ ಕಡತ ಮುಚ್ಚುವುದು ಆಗ ಅಷ್ಟು ಸುಲಭವಲ್ಲ.

ಪ್ರಶ್ನೆ: ನನಗೆ 39. ಎಲ್ಲೆಡೆ ವಯಸ್ಸಾಯಿತು ಎನ್ನುತ್ತಾರೆ. ದೊಡ್ಡ ಕಂಪನಿಯ ಆಸೆ ಬಿಡಬೇಕೇ?
— ಓದುಗ, ತುಮಕೂರು

ಉತ್ತರ: ಬಿಡಬೇಡಿ, ಹುಡುಕುವ ಜಾಗ ಬದಲಿಸಿ. ಜೋಡಣೆ ಲೈನ್‌ಗೆ ಇಪ್ಪತ್ತರ ಹರೆಯದವರನ್ನೇ ಕೇಳುತ್ತಾರೆ, ನಿಜ. ಆದರೆ ಉಗ್ರಾಣ, ವಾಹನ ಚಾಲನೆ, ಎಲೆಕ್ಟ್ರಿಕಲ್ ನಿರ್ವಹಣೆ, ಕ್ಯಾಂಟೀನ್, ಭದ್ರತೆ, ಇವುಗಳಲ್ಲಿ ವಯಸ್ಸಿಗಿಂತ ಅನುಭವ ಮತ್ತು ನಂಬಿಕೆ ನೋಡುತ್ತಾರೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಇಂಥ ಕೆಲಸಗಳನ್ನು ನೋಡಿಕೊಳ್ಳುವ ಏಜೆನ್ಸಿಗಳು ಯಾವುವು ಎಂದು ಅಲ್ಲಿನ ಸೆಕ್ಯುರಿಟಿಯವರನ್ನೇ ಕೇಳಿ, ಅವರ ಸಮವಸ್ತ್ರದ ಮೇಲೇ ಒಂದು ಹೆಸರಿರುತ್ತದೆ. ವಾಹನ ಓಡಿಸಲು ಬರುವುದಾದರೆ ಫೋರ್ಕ್‌ಲಿಫ್ಟ್ (ಸರಕು ಎತ್ತಿಡುವ ಗಾಡಿ) ತರಬೇತಿ ಪಡೆದು ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ನೀವು ಈವರೆಗೆ ಏನು ಕೆಲಸ ಮಾಡಿದ್ದೀರಿ ಎಂದು ಪತ್ರದಲ್ಲಿ ಬರೆದಿಲ್ಲ. ಅದನ್ನು ಬರೆದು ಕಳಿಸಿದರೆ ಇನ್ನಷ್ಟು ಖಚಿತವಾಗಿ ಹೇಳುತ್ತೇನೆ.