ವಂಶವೃಕ್ಷಕ್ಕೆ ಎರಡು ಬಣ್ಣದ ಸೀಮೆಸುಣ್ಣ

ಬೋಧನಾಭ್ಯಾಸದ ಎರಡನೇ ವಾರ. ಕೊಳ್ಳೇಗಾಲ ಕಡೆಯ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಗೆ ಜನಪ್ರತಿನಿಧಿಗಳ ಪಾಠ ಮಾಡಬೇಕಿತ್ತು. ಮಕ್ಕಳಿಗೆ ಗೊತ್ತಿರುವುದರಿಂದಲೇ ಆರಂಭಿಸೋಣವೆಂದು ಹನೂರಿನ ಎರಡು ರಾಜಕೀಯ ಮನೆತನಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ. ಒಂದು ಕಡೆ ಜಿ. ರಾಜೂಗೌಡರು, ಕೆಳಗೆ ಮಗ ಆರ್. ನರೇಂದ್ರ. ಇನ್ನೊಂದು ಕಡೆ ಎಚ್. ನಾಗಪ್ಪ, ಕೆಳಗೆ ಮಗ ಡಾ. ಪ್ರೀತನ್. ಕೊನೆಗೆ ಮೌಲ್ಯಮಾಪನಕ್ಕೆಂದು, ಶಾಸಕರಾಗಲು ಏನು ಬೇಕು ಎಂದು ಕೇಳಿದೆ.

‘ಅವರಪ್ಪ ಎಮ್ಮೆಲ್ಲೆ ಆಗಿರ್ಬೇಕು ಸಾ’ ಎಂದ ಒಬ್ಬ ಹುಡುಗ.

ಯಾರೂ ನಗಲಿಲ್ಲ. ನನ್ನ ಚಿತ್ರ ಹೇಳಿದ್ದೂ ಅದನ್ನೇ.

ಮರುದಿನ ಅದೇ ವೃಕ್ಷವನ್ನು ಮತ್ತೆ ಬರೆದೆ. ಹುಟ್ಟಿನ ಸಂಬಂಧಕ್ಕೆ ಬಿಳಿ ಗೆರೆ, ಗೆದ್ದ ಚುನಾವಣೆಗೆ ಕೆಂಪು ಗುರುತು. ನರೇಂದ್ರರ ಹೆಸರಿನ ಪಕ್ಕ 2008, 2013, 2018 ಎಂದು ಮೂರು ಗುರುತು ಬಿದ್ದವು. 2023ರಲ್ಲಿ ಇಲ್ಲ, ಆ ಸಲ ಗೆದ್ದ ಎಂ.ಆರ್. ಮಂಜುನಾಥ್ ಈ ಎರಡೂ ವೃಕ್ಷಗಳಲ್ಲಿ ಇಲ್ಲದವರು. ಪ್ರೀತನ್ 2018, 2023 ಎರಡರಲ್ಲೂ ಸ್ಪರ್ಧಿಸಿ ಸೋತರು. ಅವರಿಗೆ ಬಿಳಿ ಗೆರೆ ಉಂಟು, ಕೆಂಪು ಗುರುತಿಲ್ಲ.

ಆಗ ಒಬ್ಬಳು ಹುಡುಗಿ, ‘ಪರಿಮಳಮ್ಮನ್ನ ಎಲ್ಲಿ ಬರೀತೀರಾ ಸಾ?’ ಎಂದಳು. ಮಾಜಿ ಸಚಿವ ನಾಗಪ್ಪನವರನ್ನು 2002ರ ಆಗಸ್ಟ್ 25ರಂದು ಕಾಮಗೆರೆಯಿಂದ ವೀರಪ್ಪನ್ ಅಪಹರಿಸಿದ. ಡಿಸೆಂಬರ್‌ನಲ್ಲಿ ಅವರು ಕಾಡಿನಲ್ಲಿ ಶವವಾಗಿ ಸಿಕ್ಕರು. 2004ರಲ್ಲಿ ಹನೂರಿನಿಂದ ಗೆದ್ದವರು ಅವರ ಪತ್ನಿ ಪರಿಮಳಾ ನಾಗಪ್ಪ. ತಂದೆಯಿಂದ ಮಗನಿಗೆ ಇಳಿಯುವ ನನ್ನ ವೃಕ್ಷದಲ್ಲಿ ಅವರಿಗೆ ಜಾಗವೇ ಇರಲಿಲ್ಲ. ಹುಡುಗಿಯೇ ಬಂದು ನಾಗಪ್ಪನವರ ಪಕ್ಕದಲ್ಲಿ ಹೆಸರು ಬರೆದು ಕೆಂಪು ಗುರುತು ಹಾಕಿದಳು. (ಅಪಹರಣದ ವಿಷಯ ಎರಡೇ ವಾಕ್ಯದಲ್ಲಿ ಮುಗಿಸಿ. ಬಿಟ್ಟರೆ ಇಡೀ ಅವಧಿ ವೀರಪ್ಪನ್ ಕಥೆಗೇ ಹೋಗುತ್ತದೆ.)

ಹೋಲಿಕೆಗೆ ಯಳಂದೂರು ಒಳ್ಳೆಯ ಉದಾಹರಣೆ. ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಊರು ಅದು. ಅಲ್ಲಿ ಅಧಿಕಾರ ನಿಜವಾಗಿಯೂ ಬಿಳಿ ಗೆರೆಯಲ್ಲೇ ಇಳಿಯಿತು. ಮುಂದೆ ಅದೇ ಯಳಂದೂರು ಸೇರಿದ್ದ ಸಂತೇಮರಹಳ್ಳಿ ಕ್ಷೇತ್ರದಲ್ಲಿ, 2004ರಲ್ಲಿ ಎ.ಆರ್. ಕೃಷ್ಣಮೂರ್ತಿ ಆರ್. ಧ್ರುವನಾರಾಯಣರ ಎದುರು ಒಂದೇ ಒಂದು ಮತದಿಂದ ಸೋತರು. 40,752ಕ್ಕೆ 40,751. ಕೃಷ್ಣಮೂರ್ತಿಯವರ ತಂದೆ ಬಿ. ರಾಚಯ್ಯ ಸಚಿವರೂ ರಾಜ್ಯಪಾಲರೂ ಆಗಿದ್ದವರು. ಅಷ್ಟು ದೊಡ್ಡ ಹೆಸರಿಗೂ ಆ ಒಂದು ಮತ ಸಿಗಲಿಲ್ಲ. ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದು ಕಳೆಯುವ ಲೆಕ್ಕ ಮಾಡಿಸಿದೆ. ಹಿಂದಿನ ಬೆಂಚಿನವರೂ ಎದ್ದು ನಿಂತು ನೋಡಿದರು. 2023ರಲ್ಲಿ ಅವರು ಕೊಳ್ಳೇಗಾಲದಿಂದ ಗೆದ್ದದ್ದನ್ನು ಮಕ್ಕಳೇ ಹೇಳಿದರು.

ಪಾಠ ಮಾಡುವವರಿಗೆ ಒಂದು ಎಚ್ಚರಿಕೆ: ‘ನಿಮ್ಮ ಮನೆಯವರು ಯಾರಿಗೆ ಓಟು ಹಾಕಿದರು’ ಎಂದು ಕೇಳಬೇಡಿ. ನಾನು ಕೇಳುವುದರಲ್ಲಿದ್ದೆ, ಹಿಂದೆ ಕುಳಿತಿದ್ದ ಮಾರ್ಗದರ್ಶಿ ಶಿಕ್ಷಕರು ತಲೆಯಾಡಿಸಿ ತಡೆದರು.

ಮೊದಲ ದಿನದ ಹುಡುಗನಿಗೆ ಅದೇ ಪ್ರಶ್ನೆ ಮತ್ತೆ ಹಾಕಿದೆ. ಸ್ವಲ್ಪ ಹೊತ್ತು ಹಲಗೆ ನೋಡಿ, ‘ಅಪ್ಪ ಇದ್ರೆ ಟಿಕೆಟ್ ಸಿಗ್ತದೆ ಸಾ, ಓಟು ಬೇರೆ’ ಎಂದ. ಪಾಠಯೋಜನೆಯಲ್ಲಿ ನಿರೀಕ್ಷಿತ ಉತ್ತರದ ಅಂಕಣದಲ್ಲಿ ಅದು ಇರಲಿಲ್ಲ, ಈಗ ಸೇರಿಸಿದ್ದೇನೆ.